ಸೈಜ್ ಕಡಿಮೆ ಮಾಡಲು ಹೋಗಿ ರಾಕ್ಷಸರನ್ನು ಹೂತುಹಾಕಿದ್ದು

ಆಟದ ಚಿತ್ರಗಳ ಫೈಲು, ಅಂದರೆ ಪಿಎನ್‌ಜಿಗಳ ಸೈಜ್ ಸ್ವಲ್ಪ ಇಳಿಸೋಣ ಅಂತ ಯಾರಾದರೂ ಮೀಟಿಂಗಿನಲ್ಲಿ ಬಾಯಿ ತೆಗೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾರಣ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಕೆಲಸ ಏನು ಅಂತ ಹೇಳಬೇಕು.

ನಮ್ಮದು ಜಿಝೆಡ್‌ಡೂಮ್ (ಹಳೆಯ ಡೂಮ್ ಆಟದಿಂದ ಬೆಳೆದ ಎಂಜಿನ್) ಮೇಲೆ ಕಟ್ಟಿದ ರೆಟ್ರೋ ಶೂಟರ್, ಅಂದರೆ ಹಳೇ ಶೈಲಿಯ ಗುಂಡು ಹಾರಿಸುವ ಆಟ. ನನ್ನ ಪಾಲಿಗೆ ಬಂದಿದ್ದು ರಾಕ್ಷಸರು ಮತ್ತು ಬಂದೂಕುಗಳ ಸ್ಪ್ರೈಟ್, ಅಂದರೆ ಆಟದಲ್ಲಿ ಕಾಣುವ ಚಪ್ಪಟೆ ಚಿತ್ರಗಳು. 1993ರಲ್ಲಿ ಡೂಮ್ ಮಾಡಿದವರು ಕೆಲವು ರಾಕ್ಷಸರಿಗೆ ಜೇಡಿಮಣ್ಣಿನ ಗೊಂಬೆಗಳನ್ನು ತಿರುಗಿಸಿ ತಿರುಗಿಸಿ ಕ್ಯಾಮೆರಾದಲ್ಲಿ ಹಿಡಿದು ಆಮೇಲೆ ಪಿಕ್ಸೆಲ್ ತಿದ್ದಿದರು. ನಮಗೆ ಅಷ್ಟು ಪುರುಸೊತ್ತಿಲ್ಲ. ಬ್ಲೆಂಡರ್‌ನಲ್ಲಿ 3ಡಿ ಮಾಡೆಲ್, ದೂರ-ಹತ್ತಿರದ ವ್ಯತ್ಯಾಸ ತೋರಿಸದ ಆರ್ಥೋಗ್ರಾಫಿಕ್ ಕ್ಯಾಮೆರಾ, 45 ಡಿಗ್ರಿಗೊಂದರಂತೆ 8 ಕೋನ, ಚಿಕ್ಕ ರೆಂಡರ್, ಪ್ಯಾಲೆಟ್‌ಗೆ (ಆಟದ ನಿಗದಿತ ಬಣ್ಣಗಳ ಪಟ್ಟಿಗೆ) ಇಳಿಸುವುದು, ಪಿಕ್ಸೆಲ್ ಚಿತ್ರ ಬರೆಯುವ ಏಸ್‌ಪ್ರೈಟ್‌ನಲ್ಲಿ ಕೈಯಾರೆ ತಿದ್ದುವುದು, ಕೊನೆಗೆ ಡೂಮ್ ಫೈಲುಗಳ ಎಡಿಟರ್ ಸ್ಲೇಡ್‌ನಲ್ಲಿ ಆಫ್‌ಸೆಟ್, ಅಂದರೆ ಚಿತ್ರವನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ಎರಡು ನಂಬರ್. ಕೇಳಲು ಸಲೀಸು. ಒಂದೊಂದು ಹೆಜ್ಜೆಯಲ್ಲೂ ಒಂದೊಂದು ಗುಂಡಿ ಇದೆ.

ಪ್ಯಾಲೆಟ್ ತಗೊಳ್ಳಿ. ಇರುವುದು 256 ಬಣ್ಣ. ಕಂದು, ಕೆಂಪು, ಬೂದು ಧಾರಾಳ, ನೇರಳೆ ಕೇಳಬೇಡಿ. ಆಟೋಮ್ಯಾಟಿಕ್ ಆಗಿ ಇಳಿಸುವಾಗ ಡಿದರಿಂಗ್ (ಇಲ್ಲದ ಬಣ್ಣವನ್ನು ಚುಕ್ಕಿ ಬೆರೆಸಿ ತೋರಿಸುವುದು) ಆನ್ ಇಟ್ಟರೆ ಒಂದೇ ಫ್ರೇಮ್ ನೋಡಲು ತುಂಬಾ ಚೆಂದ. ಆದರೆ ಚುಕ್ಕಿಗಳು ಫ್ರೇಮಿಂದ ಫ್ರೇಮಿಗೆ ಜಾಗ ಬದಲಿಸುತ್ತವೆ, ರಾಕ್ಷಸ ನಡೆಯಲು ಶುರುಮಾಡಿದರೆ ಮೈಮೇಲೆಲ್ಲ ಇರುವೆ ಹರಿದಂತೆ ಕಾಣುತ್ತದೆ. ಈಗ ನಾನು ಡಿದರಿಂಗ್ ಆಫ್ ಮಾಡಿ, ಗಾಢದಿಂದ ತಿಳಿಗೆ ಹೋಗುವ ಬಣ್ಣಗಳ ಸಾಲುಗಳನ್ನು, ಚರ್ಮಕ್ಕೊಂದು ರ‍್ಯಾಂಪ್, ಲೋಹಕ್ಕೊಂದು ರ‍್ಯಾಂಪ್ ಅಂತ ಮೊದಲೇ ಕಟ್ಟಿಬಿಡುತ್ತೇನೆ. ಮೆಟೀರಿಯಲ್‌ಗೆ ಒಂದೇ ರ‍್ಯಾಂಪ್ ಕೊಟ್ಟರೆ ತಿದ್ದುವ ಕೆಲಸ ಅರ್ಧ ಉಳಿಯುತ್ತದೆ.

ಆಮೇಲೆ ಪಿಕ್ಸೆಲ್ ಚೌಕ ಅಲ್ಲ ಅನ್ನೋ ತಲೆನೋವು. ಮೂಲ ಆಟ 320×200, ಅದನ್ನು 4:3 ಪರದೆಗೆ ಹಿಗ್ಗಿಸಿ ತೋರಿಸುತ್ತಿದ್ದರು. ಅಂದರೆ ಪ್ರತಿ ಪಿಕ್ಸೆಲ್ ಅಗಲಕ್ಕಿಂತ 1.2 ಪಟ್ಟು ಎತ್ತರ. ಎಂಜಿನ್ ಇವತ್ತಿಗೂ ಅದನ್ನೇ ಪಾಲಿಸುತ್ತದೆ. ನೀವು ಎಡಿಟರ್‌ನಲ್ಲಿ ಗುಂಡಗೆ ಬರೆದ ಕಣ್ಣು ಆಟದಲ್ಲಿ ಮೊಟ್ಟೆ ಆಗುತ್ತದೆ. ಬ್ಲೆಂಡರ್‌ನ ಔಟ್‌ಪುಟ್‌ನಲ್ಲಿ ಆಸ್ಪೆಕ್ಟ್ ವೈ 1.2 ಇಟ್ಟರೆ ಮುಗಿಯಿತು. ಇದು ಗೊತ್ತಿಲ್ಲದೆ ಎಷ್ಟೋ ಜನ ಕುಳ್ಳ ರಾಕ್ಷಸರನ್ನು ಬರೆದು ಆಟದಲ್ಲಿ ಉದ್ದುದ್ದ ಮಾಡಿಕೊಂಡು ಕೂತಿರುತ್ತಾರೆ.

ಕನ್ನಡಿ ಹಾಕುವುದಂತೂ ಬೇರೆಯದೇ ಜಗಳ. ಫೈಲಿನ ಹೆಸರು ಎ2ಎ8 ಅಂತ ಮುಗಿದರೆ ಎಂಜಿನ್ ಒಂದೇ ಚಿತ್ರವನ್ನು ಎರಡನೇ ಕೋನಕ್ಕೆ ಹಾಗೇ, ಎಂಟನೇ ಕೋನಕ್ಕೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಳಸುತ್ತದೆ. 8 ಕೋನಕ್ಕೆ 5 ಚಿತ್ರ ಸಾಕು. ನಡೆಯುವ 4 ಫ್ರೇಮಿಗೆ 32ರ ಬದಲು 20. ಪ್ರೊಡ್ಯೂಸರ್‌ಗೆ ಈ ಲೆಕ್ಕ ಬಹಳ ಇಷ್ಟ. ಆದರೆ ಬಲಗೈಯಲ್ಲಿ ಗರಗಸ ಇರುವ ರಾಕ್ಷಸನನ್ನು ಡಿಸೈನ್ ಮಾಡಿ ಕೊಟ್ಟವರೂ ಅವರೇ. ಸುತ್ತ ಒಂದು ಸುತ್ತು ಬಂದರೆ ಗರಗಸ ಎಡಗೈಗೆ ಹಾರುತ್ತದೆ. ಕೊನೆಗೆ ಅವನಿಗೆ ಪೂರ್ತಿ 32 ಬಂತು, ಬೈಗುಳದ ಜೊತೆ.

ಸರಿ, ಆ ದಿನದ ವಿಷಯ.

ಪಬ್ಲಿಷರ್‌ಗೆ ಡೆಮೋ ತೋರಿಸಬೇಕಿತ್ತು. ಹಿಂದಿನ ಸಂಜೆ ಪ್ರೊಡ್ಯೂಸರ್ ಬಂದು ಡೌನ್‌ಲೋಡ್ ಸೈಜ್ ಜಾಸ್ತಿ ಆಯ್ತು, ಏನಾದರೂ ಮಾಡಿ ಅಂದರು. ಯಾರೋ ಆಟವನ್ನು ಪ್ಯಾಕ್ ಮಾಡುವ ಬಿಲ್ಡ್ ಸ್ಕ್ರಿಪ್ಟಿಗೆ ಒಂದು ಪಿಎನ್‌ಜಿ ಆಪ್ಟಿಮೈಸರ್ ಸೇರಿಸಿದರು. ಬೇಡದ ಮೆಟಾಡೇಟಾ ಎಲ್ಲ ಕಿತ್ತುಹಾಕು ಅನ್ನೋ ಆಯ್ಕೆ ಸಮೇತ. ರಿವ್ಯೂಗೆ ನನ್ನ ಹತ್ತಿರವೇ ಬಂದಿತ್ತು. ಪಿಕ್ಸೆಲ್ ಬದಲಾಗುವುದಿಲ್ಲ ಅಂತ ನೋಡಿದೆ, ಸುಮ್ನೆ ಅಪ್ರೂವ್ ಒತ್ತಿದೆ.

ಬೆಳಿಗ್ಗೆ ಡೆಮೋ ಮೆಷಿನ್‌ನಲ್ಲಿ ಪಿಕೆ3 (ಆಟದ ಫೈಲುಗಳನ್ನೆಲ್ಲ ಒಟ್ಟಿಗೆ ಕಟ್ಟಿದ ಪ್ಯಾಕ್) ಹಾಕಿ ಓಡಿಸಿದರು. ಬಂದೂಕು ಪರದೆಯ ಎಡಗಡೆ ಮೇಲ್ಮೂಲೆಯಲ್ಲಿ ನೇತಾಡುತ್ತಿತ್ತು. ರಾಕ್ಷಸರು ಇಲ್ಲವೇ ಇಲ್ಲ. ಗುರುಗುಟ್ಟುವ ಸದ್ದು ಬರುತ್ತಿದೆ, ಯಾರೂ ಇಲ್ಲದ ಕಡೆಯಿಂದ ಬೆಂಕಿಯುಂಡೆ ಬರುತ್ತಿದೆ, ಹೆಲ್ತ್ ಇಳಿಯುತ್ತಿದೆ. ಪಬ್ಲಿಷರ್ ಕಡೆಯವರು ಕಾಲ್‌ಗೆ ಸೇರಲು ಅರ್ಧ ಗಂಟೆ ಇತ್ತು.

ನಾನು ನೇರ ಪ್ರೋಗ್ರಾಮರ್ ಮೇಲೆ ಬಿದ್ದೆ. ಹಿಂದಿನ ದಿನ ಅವನು ರಾಕ್ಷಸರ ಝಡ್‌ಸ್ಕ್ರಿಪ್ಟ್ ಕೋಡ್‌ನಲ್ಲಿ ಹೈಟ್ ಮುಟ್ಟಿದ್ದ. ಅಷ್ಟು ಸಾಕಾಯಿತು ನನಗೆ. ಗ್ರೂಪಿನಲ್ಲಿ ಎಲ್ಲರ ಮುಂದೆ ಬರೆದೆ: ಆರ್ಟ್ ಕಡೆ ಏನೂ ಬದಲಾಗಿಲ್ಲ, ನಿನ್ನ ಕಮಿಟ್ ವಾಪಸ್ ತಗೋ. ಸಾಕ್ಷಿಗೆ ಸ್ಲೇಡ್ ತೆರೆದು, ಸೋರ್ಸ್ ಫೋಲ್ಡರಿಂದ ಒಂದು ಸ್ಪ್ರೈಟ್ ಎಳೆದು ಹಾಕಿ ಸ್ಕ್ರೀನ್‌ಶಾಟ್ ಅಂಟಿಸಿದೆ. 64×80ರ ಚಿತ್ರ, ಆಫ್‌ಸೆಟ್ 32, 76. ಅಗಲದ ಅರ್ಧ, ಎತ್ತರದಲ್ಲಿ 4 ಕಡಿಮೆ, ಎಲ್ಲ ಕರೆಕ್ಟ್. ಪಾಪ, ಅವನು ಕಮಿಟ್ ವಾಪಸ್ ತಗೊಂಡ. ಹೊಸ ಬಿಲ್ಡ್ ಬಂತು. ರಾಕ್ಷಸರು ಇನ್ನೂ ಇಲ್ಲ. ಆಗಲೂ ನಾನು ಜಗ್ಗಲಿಲ್ಲ, ಹಾಗಾದರೆ ಎಂಜಿನ್ ವರ್ಷನ್ ಇರಬೇಕು ಅಂದೆ. ನನ್ನ ಮೆಷಿನ್‌ನಲ್ಲಿ ಎಲ್ಲ ಸರಿಯಾಗೇ ಓಡುತ್ತಿತ್ತಲ್ಲ. ಓಡದೆ ಏನು, ನಾನು ಓಡಿಸುತ್ತಿದ್ದುದು ಫೋಲ್ಡರನ್ನೇ, ಪಿಕೆ3 ಅಲ್ಲ.

ಟೆಸ್ಟಿಂಗಿಗೆ ಹೊಸದಾಗಿ ಸೇರಿದ ಹುಡುಗಿ ಇದ್ದಳು. ಅವಳು ಯಾರನ್ನೂ ಕೇಳದೆ ಡೆಮೋ ಮೆಷಿನ್‌ನ ಪಿಕೆ3ಯನ್ನೇ ಸ್ಲೇಡ್‌ಗೆ ಎಳೆದು ಹಾಕಿದಳು. ಆಫ್‌ಸೆಟ್ 0, 0. ಪಕ್ಕದ ಫೈಲ್ 0, 0. ಕೆಳಗಿನ ನೂರಾರು ಫೈಲೂ ಹಾಗೇ.

ಪಿಎನ್‌ಜಿಯಲ್ಲಿ ಆಫ್‌ಸೆಟ್ ಕೂರುವುದು ಗ್ರ್ಯಾಬ್ ಅನ್ನೋ ಚಂಕ್‌ನಲ್ಲಿ, ಅಂದರೆ ಫೈಲಿನೊಳಗಿನ ಒಂದು ಪುಟ್ಟ ತುಂಡಿನಲ್ಲಿ. ಅದು ಪಿಎನ್‌ಜಿಯ ಸ್ಟ್ಯಾಂಡರ್ಡ್ ಚಂಕ್ ಅಲ್ಲ, ಡೂಮ್ ಟೂಲುಗಳು ತಮ್ಮ ಅನುಕೂಲಕ್ಕೆ ಸೇರಿಸಿಕೊಂಡಿದ್ದು. ಆಪ್ಟಿಮೈಸರ್‌ಗೆ ಅದು ಕಸ. ಗುಡಿಸಿ ಹಾಕಿತು. ಆಫ್‌ಸೆಟ್ ಸೊನ್ನೆ ಆದರೆ ಚಿತ್ರದ ಎಡ ಮೇಲ್ತುದಿ ರಾಕ್ಷಸನ ಪಾದದ ಜಾಗಕ್ಕೆ ಬರುತ್ತದೆ, ಇಡೀ ದೇಹ ನೆಲದ ಕೆಳಗೆ. ಅವರು ಎಲ್ಲೂ ಹೋಗಿರಲಿಲ್ಲ, ನಮ್ಮ ಕಾಲ ಕೆಳಗೇ ನಡೆದಾಡುತ್ತಿದ್ದರು.

ಆ ಒಂದು ಸಾಲನ್ನು ಸ್ಕ್ರಿಪ್ಟಿಂದ ಕಿತ್ತು, ಮತ್ತೆ ಪ್ಯಾಕ್ ಮಾಡಿ, ಓಡಿಸಿ ನೋಡುವಷ್ಟರಲ್ಲಿ ಪಬ್ಲಿಷರ್ ಕಡೆಯವರು ಕಾಲ್‌ನಲ್ಲಿದ್ದರು. ಪ್ರೊಡ್ಯೂಸರ್ ಹವಾಮಾನದ ಬಗ್ಗೆ ಮಾತಾಡುತ್ತಾ ಕಾಲ ತಳ್ಳಿದರು. ಅದೊಂದು ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ. ಡೆಮೋ ನಡೆಯಿತು. ಗ್ರೂಪಿನಲ್ಲಿ ನಾನು ಬರೆದಿದ್ದು ಮಾತ್ರ ಹಾಗೇ ಇದೆ, ಸ್ಕ್ರೀನ್‌ಶಾಟ್ ಸಮೇತ. ಪ್ರೋಗ್ರಾಮರ್ ಅದನ್ನು ಪಿನ್ ಮಾಡಿದ್ದಾನೆ.

ಈಗ ಬಂದೂಕುಗಳ ಆಫ್‌ಸೆಟ್ ಎಲ್ಲ ಟೆಕ್ಸ್ಚರ್ಸ್ ಲಂಪ್‌ನಲ್ಲಿ ಇದೆ. ಚಿತ್ರ ಪ್ಯಾಚಸ್ ಫೋಲ್ಡರಿನಲ್ಲಿ, ನಂಬರ್ ಟೆಕ್ಸ್ಟ್ ಫೈಲಿನಲ್ಲಿ. ಯಾರು ಯಾವಾಗ ಏನು ಬದಲಿಸಿದರು ಅಂತ ಗಿಟ್‌ನಲ್ಲಿ ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ಪೇಂಟ್ ಪ್ರೋಗ್ರಾಮಿನಲ್ಲಿ ಸುಮ್ನೆ ತೆರೆದು ಸೇವ್ ಮಾಡಿದರೂ ಗ್ರ್ಯಾಬ್ ಹಾರಿಹೋಗುವುದುಂಟು, ಬಂದೂಕಿನ ಚಿತ್ರವನ್ನು ದಿನಕ್ಕೆ ಎಷ್ಟು ಸಲ ತಿದ್ದುತ್ತೇವೆ ಅಂತ ಮಾಡಿದವರಿಗೇ ಗೊತ್ತು. ರಾಕ್ಷಸರನ್ನು ಮಾತ್ರ ಗ್ರ್ಯಾಬ್‌ನಲ್ಲೇ ಬಿಟ್ಟಿದ್ದೇನೆ, ಅಷ್ಟು ಫ್ರೇಮಿಗೆ ಟೆಕ್ಸ್ಟ್ ಬರೆಯಲು ನನ್ನಿಂದ ಆಗಲ್ಲ. ಬದಲಿಗೆ ಪ್ಯಾಕ್ ಆದ ಮೇಲೆ ಪಿಕೆ3 ಒಳಗೆ ನೋಡಿ, ಸ್ಪ್ರೈಟ್ಸ್ ಫೋಲ್ಡರಿನಲ್ಲಿ ಗ್ರ್ಯಾಬ್ ಇಲ್ಲದ ಒಂದು ಪಿಎನ್‌ಜಿ ಸಿಕ್ಕರೂ ಬಿಲ್ಡ್ ಬೀಳಿಸುವ ಸ್ಕ್ರಿಪ್ಟ್ ಬರೆದೆವು. ಅದು ಬರೆದಿದ್ದೂ ಆ ಟೆಸ್ಟಿಂಗ್ ಹುಡುಗಿಯೇ. ಬಿಲ್ಡ್ ನಿಧಾನ ಆಯ್ತು ಅಂತ ಪ್ರೊಡ್ಯೂಸರ್ ಗೊಣಗಿದರು.

ಸೈಜ್ ವಿಷಯಕ್ಕೆ ಬಂದರೆ, ಪ್ಯಾಲೆಟ್ ಬಣ್ಣಗಳಷ್ಟೇ ಇರುವ (ಇಂಡೆಕ್ಸ್ಡ್) ಪಿಎನ್‌ಜಿ ಮೊದಲೇ ಒತ್ತಿಟ್ಟ ಫೈಲ್, ಅದರಲ್ಲಿ ಹಿಂಡಲು ಏನಿರುತ್ತದೆ ಅಲ್ವಾ? ಮೇನ್ ಮೆನುವಿನ ಸಂಗೀತ ಒಂದೇ ನಮ್ಮ ಎಲ್ಲಾ ಸ್ಪ್ರೈಟ್‌ಗಳನ್ನು ಸೇರಿಸಿದ್ದಕ್ಕಿಂತ ದೊಡ್ಡದು, ಇನ್ನೂ ಒತ್ತದ ವೇವ್ ಫೈಲಾಗೇ ಕೂತಿದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಆ ಟ್ಯೂನ್ ಪ್ರೊಡ್ಯೂಸರ್ ಮಾಡಿದ್ದು.