ಮೈಸೂರು–ಹುಬ್ಬಳ್ಳಿ: ಮೇಲೆ ಎಷ್ಟು ದೂರ, ಮನೆಯಿಂದ ಮನೆಗೆ ಎಷ್ಟು ಹೊತ್ತು

ಮೈಸೂರಿಂದ ಹುಬ್ಬಳ್ಳಿಗೆ ಫ್ಲೈಟಲ್ಲಿ ಎಷ್ಟು ಹೊತ್ತು ಹಿಡಿಯತ್ತೆ ಅಂತ ಆಫೀಸಲ್ಲಿ ಸುಮಾರು ಜನ ಕೇಳ್ತಾರೆ, ಯಾಕಂದ್ರೆ 2022ರಲ್ಲಿ ನೇರ ವಿಮಾನ ಶುರುವಾದ್ಮೇಲೆ ನಮ್ಮವ್ವನ್ನ ಧಾರವಾಡಕ್ಕೆ ಬಿಡೋಕೆ ನಾನು ಅದ್ರಲ್ಲೇ ಹೋಗಿದ್ದೆ. ಅವ್ವಂಗೆ ಮಂಡಿ ನೋವು, ಇಡೀ ರಾತ್ರಿ ರೈಲಲ್ಲಿ ಕಾಲು ಮಡಚ್ಕೊಂಡು ಹೋಗೋದು ಆಗ್ತಿರಲಿಲ್ಲ.

ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಮೈಸೂರು ಏರ್‌ಪೋರ್ಟ್ ಇರೋ ಮಂಡಕಳ್ಳಿಯಿಂದ ಹುಬ್ಬಳ್ಳಿ ಏರ್‌ಪೋರ್ಟ್ ಇರೋ ಗೋಕುಲ ರೋಡಿಗೆ ಗೆರೆ ಎಳೆದ್ರೆ ಸುಮಾರು 385 ಕಿಲೋಮೀಟರ್. ರಸ್ತೇಲಿ ಆದ್ರೆ ನಾನೂರ ಚಿಲ್ರೆ. ಆ ಗೆರೆ ಮೊದ್ಲು ಕೆಆರ್‌ಎಸ್ ಮೇಲೆ ಹೋಗಿ, ಕಡೂರು ಹಾದು, ಹೊನ್ನಾಳಿ ಹತ್ರ ತುಂಗಭದ್ರೆ ದಾಟಿ, ಹಾವೇರಿ ಮುಟ್ಟಿ ಹುಬ್ಬಳ್ಳಿ ಸೇರತ್ತೆ. ಪೈಲಟ್ ಪಕ್ಕಾ ಅದೇ ಗೆರೆ ಹಿಡ್ಕೊಂಡು ಹೋಗಲ್ಲ ಬಿಡಿ, ಎಟಿಸಿ ಅಂದ್ರೆ ನೆಲದ ಮೇಲಿಂದ ವಿಮಾನಗಳಿಗೆ ದಾರಿ ಹೇಳೋರು, ಅವ್ರು ಹೇಳಿದ ದಾರಿ, ಗಾಳಿ ಯಾವ ಕಡೆಯಿಂದ ಬೀಸ್ತಿದೆ, ಮಳೆ ಮೋಡ ಎಲ್ಲಿದೆ ಅಂತೆಲ್ಲ ನೋಡ್ಕೊಂಡು ಒಂಚೂರು ಸುತ್ತು ಬೀಳತ್ತೆ.

ಮೈಸೂರು ರನ್‌ವೇ ಬರೀ 1,740 ಮೀಟರ್, ದೊಡ್ಡ ಜೆಟ್ಟುಗಳಿಗೆ ಅದು ಸಾಲಲ್ಲ, ಅದಕ್ಕೇ ಇಲ್ಲಿಗೆ ರೆಕ್ಕೇಲಿ ಫ್ಯಾನ್ ಇರೋ ಎಟಿಆರ್ ವಿಮಾನ ಬರೋದು. ಅದರ ಸ್ಪೀಡು ಗಂಟೆಗೆ ಸುಮಾರು 500 ಕಿಲೋಮೀಟರ್, ಅಂದ್ರೆ ಲೆಕ್ಕಕ್ಕೆ ಮುಕ್ಕಾಲು ಗಂಟೆ. ಆದ್ರೆ ಟಿಕೆಟ್ಟಲ್ಲಿ ಒಂದು ಗಂಟೆ ಮೇಲೇ ಬರೆದಿರ್ತಾರೆ, ಯಾಕಂದ್ರೆ ಅದು ಬ್ಲಾಕ್ ಟೈಮ್, ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಆ ಊರಲ್ಲಿ ಹೋಗಿ ನಿಲ್ಲೋವರೆಗಿನ ಸಮಯ, ವಿಮಾನ ಮೇಲೇರೋದು, ಕೆಳಗಿಳಿಯೋದು, ರನ್‌ವೇ ತನಕ ಉರುಳ್ಕೊಂಡು ಹೋಗೋದು ಎಲ್ಲ ಅದ್ರಲ್ಲೇ.

ನನ್ನ ಪ್ರಕಾರ ವಯಸ್ಸಾದವರನ್ನ ಕರ್ಕೊಂಡು ಹೋಗೋರು ನೋಡ್ಬೇಕಾದ ಲೆಕ್ಕ ಇದೂ ಅಲ್ಲ. ಮನೆ ಬಿಟ್ಟು ಮಂಡಕಳ್ಳಿಗೆ ಅರ್ಧ ಗಂಟೆ, ಹೊರಡೋ ಒಂದು ಗಂಟೆ ಮೊದ್ಲೇ ಕೌಂಟರ್ ಮುಚ್ತಾರೆ ಅಂತ ಬೇಗ ಹೋಗಿ ಕೂತಿದ್ದು ಒಂದೂವರೆ ಗಂಟೆ, ಆ ಕಡೆ ಬ್ಯಾಗು ಬಂದು ಟ್ಯಾಕ್ಸಿ ಹಿಡಿದು ಧಾರವಾಡ ಸೇರೋಕೆ ಮತ್ತೊಂದು ಗಂಟೆ ಚಿಲ್ರೆ, ವಿಮಾನದಲ್ಲಿದ್ದ ಹೊತ್ತೂ ಸೇರಿ ನಮಗೆ ನಾಲ್ಕೂವರೆ ಗಂಟೆ ಆಯ್ತು. ಆದ್ರೂ ರೈಲಿನ ಅರ್ಧದಷ್ಟೂ ಇಲ್ಲ. ವ್ಹೀಲ್‌ಚೇರ್ ಮಾತ್ರ ಬುಕ್ ಮಾಡುವಾಗಲೇ ಹೇಳಿಡಿ. ಎಟಿಆರ್‌ಗೆ ಹತ್ತೋದು ಹಿಂದಿನ ಬಾಗಿಲಿಂದ, ಮೆಟ್ಟಿಲು ಕೆಲವೇ ಆದ್ರೂ ಕಡಿದು, ಅವ್ವ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿಕೊಂಡು ಕಂಬಿ ಹಿಡ್ಕೊಂಡು ಹತ್ತಿದ್ಲು, ಹಿಂದೆ ನಿಂತೋರು ಯಾರೂ ಅವಸರ ಮಾಡ್ಲಿಲ್ಲ, ಅವರಿಗೆಲ್ಲ ನನ್ನ ಥ್ಯಾಂಕ್ಸ್.

ಇಂಥ ಸಣ್ಣ ರೂಟುಗಳು ಬರ್ತವೆ ನಿಲ್ತವೆ, ಹಾಗಾಗಿ ನೀವು ಹೋಗೋ ತಿಂಗಳು ನೇರ ವಿಮಾನ ಇದೆಯಾ ನೋಡ್ಕೊಂಡೇ ಪ್ಲಾನ್ ಮಾಡಿ. ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹತ್ತೋದಾದ್ರೆ ದೇವನಹಳ್ಳಿ ಮುಟ್ಟೋಕೇ ನಾಲ್ಕು ಗಂಟೆ ಬೇಕು.

ಅವ್ವಂಗೆ ಕಿಟಕಿ ಸೀಟು ಕೊಟ್ಟಿದ್ದೆ. ಮೊದ್ಲು ಕಣ್ಣು ಮುಚ್ಕೊಂಡು ನನ್ನ ಕೈ ಗಟ್ಟಿ ಹಿಡ್ಕೊಂಡಿದ್ಲು, ಎಟಿಆರ್ ತೀರಾ ಮೇಲೆ ಹೋಗಲ್ಲ ಅಲ್ವಾ, ಆಮೇಲೆ ಕೆಳಗೆ ಕೆರೆ, ಹೊಲ ಎಲ್ಲ ಕಾಣೋಕೆ ಶುರುವಾಯ್ತು. ಅವಳ ತವರು ಹಾವೇರಿ ಕಡೆ ಒಂದು ಹಳ್ಳಿ. ಇಳಿಯೋಕೆ ಸ್ವಲ್ಪ ಮೊದ್ಲು "ಹಾವೇರಿ ಎಲ್ಲೈತಿ ತೋರ್ಸೋ" ಅಂದ್ಲು. ನಾನು ಅಂದಾಜಿಗೆ ಕೈ ತೋರಿಸ್ದೆ. ಹಣೆ ಗಾಜಿಗೆ ಆನಿಸಿ ನೋಡ್ತಾನೇ ಇದ್ಲು, ಚಕ್ರ ನೆಲ ಮುಟ್ಟಿದಾಗ ತಿರುಗಿ "ಅಷ್ಟ ಆತೇನ?" ಅಂದ್ಲು.