'ನೋ ಗ್ರೋತ್' ಅಂದರೆ ಕಿವಿ ಸರಿಹೋಗಿದೆ ಅಂತಲ್ಲ

ಮೈಕ್ರೋಬಯಾಲಜಿ ಲ್ಯಾಬಿಗೆ ಸೇರಿದ ಹೊಸದು. ಒಂದು ಮಗುವಿನ ನಡುಗಿವಿಯಿಂದ ತೆಗೆದ ದ್ರವ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋಕೆ, ಬಂದಿತ್ತು. ಒಳ್ಳೆ ಗೋಂದಿನ ಹಾಗೆ, ಲೂಪ್ (ತುದಿ ಬಳೆಯಾಗಿ ಬಾಗಿದ ತಂತಿ) ಅದ್ದಿ ಎತ್ತಿದರೆ ಎಳೆ ಎಳೆಯಾಗಿ ಬರುತ್ತಿತ್ತು. ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟುಗಳಾದ ಬ್ಲಡ್ ಅಗರ್, ಚಾಕೊಲೇಟ್ ಅಗರ್ ಎರಡಕ್ಕೂ ಹಾಕಿ 48 ಗಂಟೆ ಕಾದೆ. ಒಂದು ಕಾಲೊನಿಯೂ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ಇಲ್ಲ. 'ನೋ ಗ್ರೋತ್' ಅಂತ ಬರೆದೆ. ರಿಪೋರ್ಟ್ ತಗೊಳ್ಳಲು ಬಂದ ತಾಯಿಗೆ "ಏನೂ ಇಲ್ಲಮ್ಮ, ಕ್ಲೀನ್ ಆಗಿದೆ" ಅಂದುಬಿಟ್ಟೆ.

"ಮತ್ತೆ ಇವನಿಗೆ ಯಾಕೆ ಸರಿಯಾಗಿ ಕೇಳಿಸ್ತಿಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೀನಿಯರ್ ಮೇಡಂ ಬಳಿ ಹೋದೆ. ಅವರು ಕಿವಿಗೆ ಸೋಂಕು ತರೋ ನ್ಯುಮೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದಿದ್ದ ಹಳೇ ಪ್ಲೇಟ್ ತೆಗೆದು ಬೆಳಕಿಗೆ ಹಿಡಿದರು. ಪ್ರತಿ ಕಾಲೊನಿಯ ನಡುವೆ ಸಣ್ಣ ಗುಳಿ. ಬ್ಯಾಕ್ಟೀರಿಯಾ ತಾವಾಗೇ ಒಡೆದುಕೊಂಡಾಗ ಹಾಗಾಗುತ್ತದೆ. ಪರೀಕ್ಷೆಗೆ ಓದಿದ್ದೆ. "ಸರಿ, ಒಡೆದಾಗ ಒಳಗಿದ್ದದ್ದು ಎಲ್ಲಿಗೆ ಹೋಯ್ತು?" ಅಂತ ಕೇಳಿದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಒಳಗಿದ್ದದ್ದು ನ್ಯುಮೊಲೈಸಿನ್ ಅನ್ನೋ ವಿಷ. ಹೊರಬಂದ ಮೇಲೆ ಅದು ನಮ್ಮ ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟ್ರಾಲಿಗೆ ಅಂಟಿಕೊಳ್ಳುತ್ತದೆ. ಹತ್ತಾರು ಅಣುಗಳು ಬಳೆಯ ಹಾಗೆ ಸುತ್ತುಗಟ್ಟಿ ತೂತು ಕೊರೆಯುತ್ತವೆ. ಕಿವಿಗೆ ಸೋಂಕು ತರೋ ಇನ್ನೊಂದು ಬ್ಯಾಕ್ಟೀರಿಯಾ ಹಿಮೋಫಿಲಸ್‌ನದ್ದು ಬೇರೆ ದಾರಿ. ಅದರ ಹೊರಗೋಡೆಯಲ್ಲೇ ಎಂಡೋಟಾಕ್ಸಿನ್ ಅನ್ನೋ ವಿಷ ಇರುತ್ತದೆ, ಬ್ಯಾಕ್ಟೀರಿಯಾ ಸತ್ತಾಗ ಚೂರುಚೂರಾಗಿ ಉದುರುತ್ತದೆ. ಅದನ್ನು ಗುರುತಿಸೋದು ನಮ್ಮ ಕೋಶಗಳ ಮೇಲಿರುವ ಟಿಎಲ್‌ಆರ್-4 ಅನ್ನೋ ಗ್ರಾಹಕ ಪ್ರೋಟೀನ್. ಚೂರು ಬದುಕಿದ್ದರದ್ದಾ, ಸತ್ತದ್ದರದ್ದಾ ಅನ್ನೋದು ಅದಕ್ಕೆ ಗೊತ್ತಾಗಲ್ಲ, ಅಲ್ವಾ? ಸಿಕ್ಕ ಕೂಡಲೇ ಟಿಎನ್‌ಎಫ್, ಇಂಟರ್‌ಲ್ಯುಕಿನ್ ಅನ್ನೋ ಊತ ಎಬ್ಬಿಸೋ ಸಂದೇಶದ ಅಣುಗಳು ಹೊರಡುತ್ತವೆ. ರಕ್ತನಾಳ ಸೋರುತ್ತದೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಒಳಪದರ ಜಾಸ್ತಿ ಲೋಳೆ ಸುರಿಸುತ್ತದೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಹೋಗೋ ಯುಸ್ಟೇಶಿಯನ್ ನಾಳವೂ ಊದಿಕೊಂಡರೆ ಲೋಳೆ ಇಳಿಯೋಕೆ ದಾರಿಯೇ ಇಲ್ಲ. ಮಕ್ಕಳಲ್ಲಿ ಆ ನಾಳ ಗಿಡ್ಡ, ಹೆಚ್ಚುಕಮ್ಮಿ ಅಡ್ಡಡ್ಡ ಇರುತ್ತದೆ. ದ್ರವ ತುಂಬಿ ಕಿವಿತಮಟೆ ಸರಿಯಾಗಿ ಅಲುಗದಿದ್ದರೆ ಮಗುವಿಗೆ ಹೇಗೆ ಕೇಳಿಸಬೇಕು?

ನನ್ನ ಲೂಪಿಗೆ ಅಂಟಿದ್ದು ಆ ಲೋಳೆಯೇ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಂದಿರಬಹುದು. ಅದು ಕೊಡಬೇಕಾದ ಔಷಧಿಯೇ, ಅದರಲ್ಲಿ ತಪ್ಪಿಲ್ಲ. ಆದರೆ ಚೂರುಗಳು ಉಳಿದಿರುತ್ತವೆ, ದ್ರವ ಇಂಗೋಕೆ ಎಷ್ಟೋ ಸಲ ವಾರಗಟ್ಟಲೆ ಬೇಕಾಗುತ್ತದೆ. ಬಯೋಫಿಲ್ಮ್ (ಅಂಟಂಟಾದ ಪದರ) ಕಟ್ಟಿಕೊಂಡು ಕೂತ ಬ್ಯಾಕ್ಟೀರಿಯಾ ಬದುಕಿದ್ದರೂ ಪ್ಲೇಟಿನಲ್ಲಿ ಬೆಳೆಯದೇ ಇರಬಹುದು, ಅದು ಇನ್ನೊಂದು ಕಥೆ.

ಅವತ್ತೇ ಆ ತಾಯಿಗೆ ಫೋನ್ ಮಾಡಿದೆ. "ಕ್ಲೀನ್ ಅಂದಿದ್ದು ನನ್ನ ತಪ್ಪಮ್ಮ. ಬ್ಯಾಕ್ಟೀರಿಯಾ ಬೆಳೆದಿಲ್ಲ, ಅಷ್ಟೇ. ಒಳಗೆ ಊತ ಇನ್ನೂ ಇರಬಹುದು. ಇಎನ್‌ಟಿ ಡಾಕ್ಟರ್ ಹತ್ತಿರ ಇನ್ನೊಂದು ಸಲ ತೋರಿಸಿ, ಕೇಳಿಸೋದನ್ನೂ ಟೆಸ್ಟ್ ಮಾಡಿಸಿ" ಅಂದೆ.