ರೋಮನ್ ನಗರಗಳಲ್ಲಿ ಬಿಷಪ್ಪರು ಯಜಮಾನರಾದದ್ದು ಹೇಗೆ?

ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳ ಬಗ್ಗೆ ಬರೆದಾಗಲೆಲ್ಲ ಓದುಗರು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ಆರಾಧನೆ ನಡೆಸಿ, ಧರ್ಮ ಬೋಧಿಸಿಕೊಂಡು ಇರಬೇಕಾದ ಬಿಷಪ್, ಪ್ರಾಂತ್ಯದ ಊರುಗಳಲ್ಲಿ ವ್ಯಾಜ್ಯ ತೀರಿಸುವ, ಸೇತುವೆ ಕಟ್ಟಿಸುವ, ತೆರಿಗೆ ಇಳಿಸಿರೆಂದು ರಾಜಧಾನಿಗೆ ಪತ್ರ ಬರೆಯುವ ವ್ಯಕ್ತಿಯಾದದ್ದು ಹೇಗೆ? ಕೇಳುವವರಲ್ಲಿ ಹೆಚ್ಚಿನವರ ಬಳಿ ಉತ್ತರವೂ ಸಿದ್ಧವಿರುತ್ತದೆ: ಸಾಮ್ರಾಟ ಕಾನ್‌ಸ್ಟಂಟೈನ್ ಕ್ರೈಸ್ತ ಧರ್ಮದ ಕಡೆಗೆ ವಾಲಿದ, ಬಿಷಪ್ಪರಿಗೆ ಅಧಿಕಾರ ಕೊಟ್ಟ, ಅಷ್ಟೇ. ಇದು ಸುಳ್ಳಲ್ಲ, ಆದರೆ ಇದರಿಂದ ವಿಷಯದ ಅರ್ಧ ಭಾಗವೂ ತಿಳಿಯುವುದಿಲ್ಲ. ಬಿಷಪ್ಪನಿಗೆ ನಿಜವಾದ ಬಲ ಬಂದದ್ದು, ಊರಿನ ಜವಾಬ್ದಾರಿಯಿಂದ ಉಳಿದವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದಾಗ ಅವನು ಮಾತ್ರ ಅಲ್ಲಿಂದ ಕದಲುವಂತಿರಲಿಲ್ಲ ಎಂಬುದರಿಂದ ಎಂದೇ ನಾನು ತಿಳಿದಿದ್ದೇನೆ.

ಕಾನ್‌ಸ್ಟಂಟೈನ್ ಕೊಟ್ಟದ್ದು ಕಡಿಮೆಯೇನಲ್ಲ. 313ರಲ್ಲಿ ಆಫ್ರಿಕಾದ ಅಧಿಕಾರಿ ಅನುಲಿನಸ್‌ಗೆ ಪತ್ರ ಬರೆದು ಪಾದ್ರಿಗಳನ್ನು ಊರಿನ ಕಡ್ಡಾಯ ಸೇವೆಗಳಿಂದ ಬಿಡಿಸಿದ. 321ರಲ್ಲಿ ಚರ್ಚಿನಲ್ಲಿ ನಡೆದ ಗುಲಾಮರ ಬಿಡುಗಡೆಗೆ ಕಾನೂನಿನ ಮಾನ್ಯತೆ ಕೊಟ್ಟ. 333ರಲ್ಲಿ ಇನ್ನೂ ಮುಂದೆ ಹೋಗಿ, ಎದುರಾಳಿಗೆ ಒಪ್ಪಿಗೆಯಿಲ್ಲದಿದ್ದರೂ ಒಬ್ಬ ಕಕ್ಷಿದಾರ ತನ್ನ ಮೊಕದ್ದಮೆಯನ್ನು ಬಿಷಪ್ಪನ ಮುಂದೆ ಒಯ್ಯಬಹುದು, ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ ಎಂದ. ಆದರೆ ಈ ಉದಾರತೆ ಬಹಳ ಕಾಲ ಉಳಿಯಲಿಲ್ಲ. 398ರಲ್ಲಿ ಸಾಮ್ರಾಜ್ಯದ ಪೂರ್ವ ಭಾಗದಲ್ಲೂ 408ರಲ್ಲಿ ಪಶ್ಚಿಮ ಭಾಗದಲ್ಲೂ ಹೊರಟ ಕಾಯಿದೆಗಳು ಎರಡೂ ಕಡೆಯವರು ಒಪ್ಪಿದರೆ ಮಾತ್ರ ಬಿಷಪ್ ವಿಚಾರಣೆ ನಡೆಸಬಹುದೆಂಬ ನಿಯಮ ಹಾಕಿದವು. ಅಂದರೆ ಐದನೆಯ ಶತಮಾನದ ಆರಂಭಕ್ಕೆ, ಕಾಗದದ ಮೇಲೆ ಅವನು ಒಬ್ಬ ಪಂಚಾಯಿತಿದಾರ ಮಾತ್ರ. ಅಧಿಕಾರ ಅರಮನೆಯಿಂದಲೇ ಬಂದಿದ್ದರೆ, ಅರಮನೆ ಅದನ್ನು ಮೊಟಕುಗೊಳಿಸಿದ ಮೇಲೆ ಜನರೂ ಹಿಂದೆ ಸರಿಯಬೇಕಾಗಿತ್ತು. ಅವರು ಸರಿಯಲಿಲ್ಲ.

ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ ಅಗಸ್ಟೀನನ ದಿನಚರಿಯನ್ನು ಅವನ ಶಿಷ್ಯ ಪೊಸಿಡಿಯಸ್ ಬರೆದಿಟ್ಟಿದ್ದಾನೆ: ವ್ಯಾಜ್ಯ ಕೇಳುತ್ತ ಕೆಲವೊಮ್ಮೆ ಊಟದ ಹೊತ್ತಿನವರೆಗೆ, ಕೆಲವೊಮ್ಮೆ ಇಡೀ ದಿನ ಉಪವಾಸ ಕೂರುತ್ತಿದ್ದ. ಆಸ್ತಿ, ಪಾಲು, ಸಾಲ, ಹೀಗೆ ಯಾವ ಊರಿನಲ್ಲೂ ಇರುವ ಜಗಳಗಳೇ ಅವು. ಅಗಸ್ಟೀನನಿಗೆ ಈ ಕೆಲಸ ಹಿಡಿಸುತ್ತಿರಲಿಲ್ಲ, ಓದು ಬರಹಕ್ಕೆ ಸಮಯ ಸಿಗುತ್ತಿಲ್ಲವೆಂದು ಗೊಣಗುತ್ತಲೇ ಇದ್ದ. 1981ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಅವನ ಪತ್ರಗಳಲ್ಲಿ ಒಂದು, ತಂದೆ ತಾಯಿಯೇ ಮಾರಿದ ಮಕ್ಕಳು ಎಲ್ಲಿಯವರೆಗೆ ಗುಲಾಮರು ಎಂದು ಕಾನೂನು ಬಲ್ಲವರೊಬ್ಬರನ್ನು ಕೇಳುತ್ತದೆ. ಇನ್ನೊಂದು, ಗುಲಾಮ ವ್ಯಾಪಾರಿಗಳು ಹಿಪ್ಪೋ ಬಂದರಿನಿಂದ ಸಾಗಿಸಲಿದ್ದ ಸುಮಾರು 120 ಮಂದಿಯನ್ನು ಅವನ ಸಭೆಯ ಜನ ಬಿಡಿಸಿದ ಸಂಗತಿಯನ್ನು ತಿಳಿಸುತ್ತದೆ. ತೀರ್ಪು ಕೊಡುವ ಮೊದಲು ಕಾನೂನು ವಿಚಾರಿಸಿಕೊಳ್ಳುತ್ತಿದ್ದ ಈ ಮನುಷ್ಯನನ್ನು ಬರೀ ಧರ್ಮಬೋಧಕನೆಂದು ಕರೆದರೆ ಸಾಲದು.

ಜನ ಅವನ ಬಳಿಗೇ ಏಕೆ ಹೋದರು ಎಂಬುದಕ್ಕೆ ಅದೇ ನಾಡಿನ ಇನ್ನೊಂದು ಊರಾದ ತಿಮ್ಗಾದ್‌ನಲ್ಲಿ ಕಲ್ಲಿನ ಸಾಕ್ಷಿಯಿದೆ. ಸಾಮ್ರಾಟ ಜೂಲಿಯನ್ ಕಾಲದ, ಅಂದರೆ 361ರಿಂದ 363ರ ನಡುವಿನ, ಆ ಶಾಸನದಲ್ಲಿ ನ್ಯುಮಿಡಿಯಾದ ಪ್ರಾಂತಾಧಿಕಾರಿ ತನ್ನ ನ್ಯಾಯಾಲಯದ ಸಿಬ್ಬಂದಿಗೆ ಕಕ್ಷಿದಾರರು ಕೊಡಬೇಕಾದ ಶುಲ್ಕವನ್ನು ಗೋಧಿಯ ಅಳತೆಯಲ್ಲಿ ನಮೂದಿಸಿದ್ದಾನೆ, ದೂರ ಹೆಚ್ಚಿದಂತೆ ಶುಲ್ಕವೂ ಹೆಚ್ಚು. ಲಂಚವನ್ನು ತಡೆಯಲಾಗದೆ ಅದಕ್ಕೊಂದು ದರಪಟ್ಟಿ ಮಾಡಿದಂತೆ ಇದು ನನಗೆ ಕಾಣುತ್ತದೆ. ಬಿಷಪ್ಪನ ಮುಂದೆ ಅಂಥ ಖರ್ಚಿರಲಿಲ್ಲ, ಪ್ರಯಾಣವೂ ಇರಲಿಲ್ಲ.

ಪ್ರಾಂತಾಧಿಕಾರಿ ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಬದಲಾಗುತ್ತಿದ್ದ. ಊರನ್ನು ನಿಜವಾಗಿ ನಡೆಸುತ್ತಿದ್ದವರು ನಗರಸಭೆಯ ಮನೆತನಗಳವರು. ತೆರಿಗೆ ಸಂಗ್ರಹದ ಹೊಣೆ ಅವರದು, ಕೊರತೆ ಬಿದ್ದರೆ ಸ್ವಂತ ಆಸ್ತಿಯಿಂದ ತುಂಬಬೇಕಾಗಿತ್ತು. ಅನುಕೂಲವಿದ್ದವರು ಸಾಮ್ರಾಜ್ಯದ ಉದ್ಯೋಗ ಹಿಡಿದು ಈ ಭಾರದಿಂದ ತಪ್ಪಿಸಿಕೊಂಡರು, ಕೆಲವರು ಪಾದ್ರಿಗಳಾಗಿಯೂ ತಪ್ಪಿಸಿಕೊಂಡರು. ಅವರನ್ನು ಹಿಡಿದು ತರಲು ನಾಲ್ಕನೆಯ ಶತಮಾನದುದ್ದಕ್ಕೂ ಕಾಯಿದೆಗಳು ಹೊರಡುತ್ತಲೇ ಇದ್ದವು. ಬಿಷಪ್ಪನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನ ಹುದ್ದೆ ಜೀವಮಾನದ್ದು, ಮತ್ತು 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ಒಂದು ನಗರದ ಬಿಷಪ್ ಇನ್ನೊಂದು ನಗರಕ್ಕೆ ಹೋಗಕೂಡದೆಂದು ವಿಧಿಸಿತ್ತು. ಈ ನಿಯಮ ಅನೇಕ ಬಾರಿ ಮುರಿಯಿತು, ಆದರೂ ಬಹುಪಾಲು ಬಿಷಪ್ಪರು ನೇಮಕವಾದ ಊರಿನಲ್ಲೇ ಸತ್ತರು.

ಇದನ್ನೆಲ್ಲ ಒಬ್ಬನ ಬದುಕಿನಲ್ಲಿ ನೋಡಬೇಕೆಂದರೆ ಸಿನೇಸಿಯಸ್‌ನನ್ನು ಓದಬೇಕು. ಇಂದಿನ ಲಿಬಿಯಾದ ಸೈರೀನ್‌ನ ಹಳೆಯ ಶ್ರೀಮಂತ ಮನೆತನದವನು, ಅಲೆಕ್ಸಾಂಡ್ರಿಯಾದಲ್ಲಿ ತತ್ವಜ್ಞಾನಿ ಹೈಪೇಷಿಯಾಳ ಶಿಷ್ಯ, ತೆರಿಗೆ ಇಳಿಸಿಕೊಡಿರೆಂದು ಕೇಳಲು ತನ್ನ ನಾಡಿನ ಪರವಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಬಂದವನು. 411ರ ಸುಮಾರಿಗೆ ಟಾಲೆಮೈಸ್ ನಗರದ ಜನ ಇವನನ್ನೇ ಬಿಷಪ್ ಆಗೆಂದು ಹಿಡಿದುಕೊಂಡರು. ತಾನು ಹೆಂಡತಿಯನ್ನು ಬಿಡುವುದಿಲ್ಲ, ಆತ್ಮದ ಬಗ್ಗೆ, ಪುನರುತ್ಥಾನದ ಬಗ್ಗೆ ಸಾಮಾನ್ಯ ಜನ ನಂಬುವುದನ್ನು ನಂಬುವುದೂ ಇಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ಆದರೂ ಅಲೆಕ್ಸಾಂಡ್ರಿಯಾದ ಬಿಷಪ್ ಥಿಯೋಫಿಲಸ್ ಅವನಿಗೆ ದೀಕ್ಷೆ ಕೊಟ್ಟ. ಊರಿಗೆ ಬೇಕಾಗಿದ್ದದ್ದು ದೊಡ್ಡವರ ಪರಿಚಯವಿದ್ದ, ಎದುರು ಮಾತಾಡಬಲ್ಲ ಒಬ್ಬ ಹಿರಿಯ, ಸಿದ್ಧಾಂತ ಆಮೇಲೆ ನೋಡಿಕೊಂಡರಾಯಿತು ಎಂಬ ಲೆಕ್ಕಾಚಾರವೇ ಇದರಲ್ಲಿ ನನಗೆ ಕಾಣುವುದು.

ಆ ಹಿರಿಯನ ಅಗತ್ಯ ಬೇಗನೆ ಬಿತ್ತು. ಹೊಸ ಪ್ರಾಂತಾಧಿಕಾರಿ ಆಂಡ್ರೊನಿಕಸ್ ಹಣ ವಸೂಲಿಗಾಗಿ ಚಿತ್ರಹಿಂಸೆಯ ಸಾಧನಗಳನ್ನು ತಂದ. ಚರ್ಚಿನಲ್ಲಿ ಆಶ್ರಯ ಪಡೆಯುವಂತಿಲ್ಲವೆಂಬ ಆಜ್ಞೆಯನ್ನು ಚರ್ಚಿನ ಬಾಗಿಲಿಗೇ ಹೊಡೆಸಿದ. ಸಿನೇಸಿಯಸ್ ಅವನಿಗೆ ಬಹಿಷ್ಕಾರ ಹಾಕಲು ಹೊರಟು, ಪಶ್ಚಾತ್ತಾಪದ ಮಾತು ಕೇಳಿ ತಡೆದ. ಆದರೆ ನಗರಸಭೆಯ ಮನೆತನದ ಮ್ಯಾಗ್ನಸ್ ಎಂಬವನು ಚಿನ್ನ ಕೊಡಲಾಗದೆ ಹೊಡೆತಕ್ಕೆ ಸಿಕ್ಕಿ ಸತ್ತ ಮೇಲೆ ತಡೆಯಲಿಲ್ಲ. ಆಂಡ್ರೊನಿಕಸ್‌ಗೆ ಯಾವ ದೇವಾಲಯವೂ ತೆರೆಯಬಾರದು, ಯಾರೂ ಅವನೊಡನೆ ಮನೆಯನ್ನಾಗಲಿ ಊಟವನ್ನಾಗಲಿ ಹಂಚಿಕೊಳ್ಳಬಾರದು ಎಂದು ಇತರ ಬಿಷಪ್ಪರಿಗೆ ಬರೆದ ಪತ್ರದಲ್ಲಿ, ಇದು ಸಣ್ಣ ಊರಿನ ಚರ್ಚು ಎಂದು ಯಾರೂ ಉಪೇಕ್ಷೆ ಮಾಡಕೂಡದೆಂಬ ಎಚ್ಚರಿಕೆಯೂ ಇದೆ. ಅದೇ ಹೊತ್ತಿಗೆ, ಸ್ವಂತ ಪ್ರಾಂತ್ಯದವನನ್ನೇ ಅಧಿಕಾರಿಯಾಗಿ ಕಳಿಸುವುದು ಕಾನೂನಿಗೆ ವಿರುದ್ಧವೆಂದು ರಾಜಧಾನಿಯ ಗೆಳೆಯ ಟ್ರೊಯಿಲಸ್‌ಗೂ ದೂರು ಬರೆದ. ಬಹಿಷ್ಕಾರ ಬಿಷಪ್ಪನ ಅಸ್ತ್ರ, ಗೆಳೆಯನಿಗೆ ಬರೆದ ಪತ್ರ ಹಳೆಯ ಶ್ರೀಮಂತನ ಅಸ್ತ್ರ. ಎರಡೂ ಒಬ್ಬನ ಕೈಯಲ್ಲೇ ಇದ್ದವು. ರಾಜಕೀಯವನ್ನೂ ಪೌರೋಹಿತ್ಯವನ್ನೂ ಒಟ್ಟಿಗೆ ನೇಯಲಾಗದು ಎಂದು ವಾದಿಸಿದವನೂ ಇವನೇ. ಮುಂದೆ ಆಂಡ್ರೊನಿಕಸ್ ಅಧಿಕಾರ ಕಳೆದುಕೊಂಡು ಶಿಕ್ಷೆಗೆ ಗುರಿಯಾದಾಗ ಅವನ ಪರವಾಗಿ ಥಿಯೋಫಿಲಸ್‌ಗೆ ಬಿನ್ನಹ ಮಾಡಿಕೊಂಡವನೂ ಇವನೇ.

ಎಲ್ಲ ಬಿಷಪ್ಪರೂ ಇಂಥವರೆಂದು ತಿಳಿಯಬಾರದು. 411ರಲ್ಲಿ ಕಾರ್ಥೇಜ್‌ನಲ್ಲಿ ನಡೆದ ಚರ್ಚೆಗೆ ಕ್ಯಾಥೊಲಿಕ್ ಮತ್ತು ಅದರಿಂದ ಒಡೆದು ಬೇರೆಯಾಗಿದ್ದ ಡೊನಾಟಿಸ್ಟ್ ಬಣಗಳಿಂದ ತಲಾ 280ರ ಆಸುಪಾಸು ಬಿಷಪ್ಪರು ಬಂದಿದ್ದರು. ಅವರಲ್ಲಿ ಎಷ್ಟೋ ಮಂದಿ ಹಳ್ಳಿಗಿಂತ ತುಸು ದೊಡ್ಡದಾದ ಊರಿನವರು, ಒಂದೇ ಊರಿಗೆ ಇಬ್ಬರು ಎದುರಾಳಿಗಳು. ಇನ್ನೊಂದು ತುದಿಯಲ್ಲಿ ಸಿರಿಯಾದ ಸಿರ್ರಸ್ ನಗರದ ಥಿಯೊಡೊರೆಟ್ ಇದ್ದಾನೆ. ಚರ್ಚಿನ ಆದಾಯದಿಂದ ಕಂಬಸಾಲು, ಎರಡು ದೊಡ್ಡ ಸೇತುವೆ, ನೀರಿನ ಕಾಲುವೆ ಕಟ್ಟಿಸಿದೆ, ಸಾರ್ವಜನಿಕ ಸ್ನಾನಗೃಹಗಳನ್ನು ನೋಡಿಕೊಂಡೆ ಎಂದು, 448ರಲ್ಲಿ ಸಾಮ್ರಾಟನ ಆಜ್ಞೆಯಿಂದ ಊರು ಬಿಡಲಾಗದೆ ಕೂತಿದ್ದಾಗ ಅವನು ಪತ್ರಗಳಲ್ಲಿ ಪಟ್ಟಿ ಮಾಡುತ್ತಾನೆ. ಇವೆಲ್ಲ ಒಂದು ಕಾಲದಲ್ಲಿ ನಗರಸಭೆಯ ಶ್ರೀಮಂತರು ತಮ್ಮ ಹೆಸರು ಕೆತ್ತಿಸಿಕೊಂಡು ಮಾಡುತ್ತಿದ್ದ ಕೆಲಸಗಳು.

ಕಾನೂನು ಇದನ್ನು ಹಿಂದಿನಿಂದ ಬಂದು ಒಪ್ಪಿಕೊಂಡಿತು. 409ರಲ್ಲಿ, ಸಾಮಾನ್ಯ ಜನರನ್ನು ಬಲಾಢ್ಯರ ದಬ್ಬಾಳಿಕೆಯಿಂದ ಕಾಯಬೇಕಾದ ನಗರರಕ್ಷಕನೆಂಬ ಅಧಿಕಾರಿಯ ಆಯ್ಕೆಯಲ್ಲಿ ಬಿಷಪ್ಪನಿಗೂ ಪಾದ್ರಿಗಳಿಗೂ ಪಾಲು ಸಿಕ್ಕಿತು. 530ರಲ್ಲಿ ಸಾಮ್ರಾಟ ಜಸ್ಟಿನಿಯನ್, ಊರಿನ ಆದಾಯ, ಧಾನ್ಯ ಖರೀದಿ, ನೀರಿನ ಕಾಲುವೆ, ಸ್ನಾನಗೃಹ, ಸೇತುವೆಗಳ ಲೆಕ್ಕವನ್ನು ಬಿಷಪ್ ಮೂವರು ಗಣ್ಯ ನಾಗರಿಕರೊಡನೆ ಕೂತು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ಕಾಯಿದೆ ಮಾಡಿದ. ಆ ಹೊತ್ತಿಗೆ ಥಿಯೊಡೊರೆಟ್ ಸೇತುವೆ ಕಟ್ಟಿಸಿ ಎಂಬತ್ತು ವರ್ಷಕ್ಕೂ ಹೆಚ್ಚಾಗಿತ್ತು.